ಹಿಂದಿನ ಗಾಲಿಗೆ ಹರಳೆಣ್ಣೆ

ದೊಡ್ಡನೆಕ್ಕುಂದಿ
30-10-1972

ತಮ್ಮ ಬೈಲಪ್ಪನಿಗೆ ನಿನ್ನಕ್ಕನ ಆಶೀರ್ವಾದ. ಮುನಿಗಂಗಮ್ಮನ ಮಂಡಿನೋವು ಇಳಿಯಿತೇ? ಮಗು ಗೌರಮ್ಮನ ಕೆಮ್ಮು ನಿಂತಿತೇ? ಅವರಿಬ್ಬರೂ ತಣ್ಣಗಿರಲಿ. ನಿನ್ನ ಮೇಲೆ ಮಾತ್ರ ನನಗೆ ಮೈಯೆಲ್ಲ ಉರಿಯುತ್ತಿದೆ.

ಹೋದ ವಾರ ನಮ್ಮ ಹಳೇ ಜೀಪು ಹುರುಳಿಕಾಯಿ ಮೂಟೆ ಹೊತ್ತು ಹೋಗುವಾಗ ಹಲಸೂರಿನ ಇಳಿಜಾರಿನಲ್ಲಿ ಗೋಡೆಗೆ ಗುದ್ದಿತು. ನಾನು ಮನೆಯಲ್ಲಿಲ್ಲದಾಗ ನೀನು ಬಂದು, ಡ್ರೈವರ್ ಅಜ್ಮತ್ ಕುಡಿದು ಓಡಿಸಿದನೆಂದು ಊರ ಮುಂದೆ ಕೂಗಾಡಿ, ಬೀಗದ ಕೈ ಕಿತ್ತುಕೊಂಡು ಅಟ್ಟಿಬಿಟ್ಟೆಯಂತೆ. ನಿಮ್ಮ ಭಾವನ ಕಾಲದಿಂದ ಆ ಗಾಡಿ ಓಡಿಸಿದವನು ಅವನು. ಈಗ ಶಿವಾಜಿನಗರದಲ್ಲಿ ಯಾರೂ ಅವನಿಗೆ ಗಾಡಿ ಕೊಡುತ್ತಿಲ್ಲ. ಅವರಮ್ಮ ಚಾಂದ್ ಬೀ ನಮ್ಮ ಜಗಲಿ ಮೇಲೆ ಕೂತು ಅತ್ತು ಹೋದಳು.

ಅಜ್ಮತನನ್ನು ಕರೆಸಿ ಕೇಳಿದೆ. "ಬ್ರೇಕ್ ಒತ್ದೆ ಅಮ್ಮಾ. ಮುಂದೆ ಹಿಡೀತು, ಹಿಂದೆ ಹಿಡೀಲೇ ಇಲ್ಲ," ಅಂದ. ಬಾಯಿಮಾತು ನಂಬುವವಳೇ ನಾನು? ಹಿಂಭಾಗಕ್ಕೆ ಜಾಕಿ ಕೊಡಿಸಿ, ಗೇರು ಬಿಡಿಸಿ, ಅವನಿಂದ ಬ್ರೇಕ್ ತುಳಿಸಿದೆ. ಹಿಂದಿನ ಗಾಲಿ ನನ್ನ ಒಂದು ಕೈಗೇ ರಾಟೆಯ ಹಾಗೆ ತಿರುಗಿತು. ಮುಂದಿನದನ್ನು ಎತ್ತಿಸಿ ನೋಡಿದರೆ ಅಲುಗಲಿಲ್ಲ. ಬ್ರೇಕಿನ ಎಣ್ಣೆ ತುಂಬಿತ್ತು, ಪೈಪು ಎಲ್ಲೂ ಸೋರಿರಲಿಲ್ಲ. ಡ್ರಮ್ಮು ಬಿಚ್ಚಿಸಿದರೆ ಎರಡೂ ಕಡೆ ಬ್ರೇಕಿನ ಪಟ್ಟಿ ತೊಯ್ದು ತೊಪ್ಪೆ. ಗೇರಿನ ಎಣ್ಣೆ ಸೋರಿರಬೇಕು ಅಂದುಕೊಂಡೆ. ಅದಾದರೆ ಕಪ್ಪಗೆ ನಾರುತ್ತದೆ. ಮೂಸಿದರೆ ಹರಳೆಣ್ಣೆ!

ಆಯುಧಪೂಜೆಗೆ ಗಾಡಿ ನಿನ್ನ ಹೊಸ ತಿಪ್ಪಸಂದ್ರದ ಮನೆಗೆ ಬಂದಿತ್ತಲ್ಲ. ತಂದು ಬಿಡುವಾಗ ನೀನೇ ಎದೆಯುಬ್ಬಿಸಿ ಹೇಳಿದೆ: "ಅಕ್ಕಾ, ಹಿಂದಿನ ಗಾಲಿ ಬ್ರೇಕ್ ಹಾಕಿದಾಗೆಲ್ಲ ಕಿರುಚ್ತಿತ್ತಲ್ಲ, ಬಿಚ್ಚಿ ಬಾಯಿ ಮುಚ್ಚಿಸ್ಬಿಟ್ಟಿದ್ದೀನಿ." ಬಾವಿಯ ಏತಕ್ಕೂ ಗಾಡಿಯ ಅಚ್ಚಿಗೂ ಎಣ್ಣೆ ಬಿಟ್ಟು ಪೂಜೆಗಿಡುವುದು ಅಪ್ಪ ಕಲಿಸಿದ ಪದ್ಧತಿ, ಒಪ್ಪಿದೆ. ಬ್ರೇಕಿಗೂ ಎಣ್ಣೆ ಬಿಟ್ಟರೆ ಅದು ಯಾವುದನ್ನು ಹಿಡಿಯಬೇಕಪ್ಪಾ? ನೀನು ಎಣ್ಣೆ ಬಿಟ್ಟೆ, ಕುಡುಕನೆಂಬ ಹೆಸರು ಅವನಿಗೆ ಬಂತು.

ಹೊಸ ಪಟ್ಟಿ ಹಾಕಿಸಿದ್ದೇನೆ. ಬೀಗದ ಕೈಯನ್ನು ನೀನೇ ತಂದು, ಚಾಂದ್ ಬೀ ಎದುರಿಗೆ, ಊರವರ ಮುಂದೆ ಅವನ ಕೈಗೆ ಕೊಡು. ಎಣ್ಣೆ ಬಿಟ್ಟವನು ನಾನೇ ಎಂದು ನಿನ್ನ ಬಾಯಲ್ಲೇ ಹೇಳು. ಅಲ್ಲಿಯವರೆಗೆ ನಮ್ಮ ಹೊಸಿಲು ತುಳಿಯಬೇಡ.

ಇಂತಿ ನಿನ್ನಕ್ಕ,
ಆಂಜನಮ್ಮ

ತಾ.ಕ.: ಅಕ್ಷರ ಸೊಟ್ಟಗಿವೆ, ಎಡಗೈಯಲ್ಲಿ ಬರೆದದ್ದು. ಅವತ್ತು ಜೀಪಿನಲ್ಲಿ ನಾನೂ ಇದ್ದೆ. ನೀನು ಬಂದಾಗ ಮುರಿದ ಬಲಗೈಗೆ ಕಟ್ಟು ಹಾಕಿಸಿಕೊಳ್ಳಲು ಹೋಗಿದ್ದೆ. ರಸ್ತೆ ದಾಟುತ್ತಿದ್ದ ಮಕ್ಕಳನ್ನು ಉಳಿಸಲು ಅವನು ಗಾಡಿಯನ್ನು ಗೋಡೆಗೆ ತಿರುಗಿಸಿದ. ನಿನಗೆ ಗಾಬರಿಯಾದೀತೆಂದು, ನನ್ನ ಸುದ್ದಿ ಎತ್ತಬಾರದೆಂದು ಅವನಿಂದ ಆಣೆ ಹಾಕಿಸಿಕೊಂಡಿದ್ದೆ. ನೀನು ಅಷ್ಟು ಬೈದರೂ ಅವನು ಬಾಯಿ ಬಿಡಲಿಲ್ಲ. ಯಾವತ್ತು ಬರುತ್ತೀಯೆಂದು ಬೇಗ ಒಂದು ಕಾಗದ ಹಾಕು.