ತಪ್ಪಾಯ್ತು ಎಂದು ಬರೆದ ಮೇಲ್

ಜಾನ್ಸ್ ಕ್ರೀಕ್
7 ಮಾರ್ಚ್ 2025, ಶುಕ್ರವಾರ

ಪ್ರೀತಿಯ ರೀ,

ಮಂಡಿನೋವು ಹೇಗಿದೆ? ಮೆಟ್ರೋ ಇಳಿದು ಆಫೀಸಿನವರೆಗೂ ನಡೆದೇ ಹೋಗುತ್ತೇನೆ ಎನ್ನುವ ಹಟ ಬಿಡಿ, ಬಸ್ಸಿದೆಯಲ್ಲ. ವಾಷಿಂಗ್ಟನ್ನಿನ ಚಳಿಗೆ ಮಂಡಿಯನ್ನು ಒಡ್ಡಿ ಇಲ್ಲಿಗೆ ಬಂದಾಗ ನನ್ನ ಕೈಲಿ ಎಣ್ಣೆ ತಿಕ್ಕಿಸಿಕೊಳ್ಳುವ ಉಪಾಯ ನನಗೆ ಗೊತ್ತು. ಚಟ್ನಿಪುಡಿ ಮುಗಿದಿದ್ದರೆ ತಿಳಿಸಿ. ನಾವಿಬ್ಬರೂ ಚೆನ್ನಾಗಿದ್ದೇವೆ. ನಿಧಿ ಕಾರು ಕಲಿಯುತ್ತಿದ್ದಾಳೆ. ಪಕ್ಕದಲ್ಲಿ ಕೂತು ನಾನು ಇಲ್ಲದ ಬ್ರೇಕನ್ನು ಒತ್ತಿ ಒತ್ತಿ ಬಲಗಾಲು ಹಿಡಿದುಕೊಂಡಿದೆ. ಫೋನಿನಲ್ಲಿ ಆಗುವ ಮಾತಿಗೆ ಸ್ಟಾಂಪು ಯಾಕೆ ಎಂದು ನಗಬೇಡಿ. ಫೋನಿನಲ್ಲಿ ನಾನು ಮೂರನೇ ವಾಕ್ಯಕ್ಕೆ ಬರುವಷ್ಟರಲ್ಲಿ ನೀವು "ಬಿಡು ಸಿದ್ದು, ಹೋಗ್ಲಿ" ಎಂದುಬಿಡುತ್ತೀರಿ. ಕಾಗದ ಓದುವಾಗ ಹಾಗೆ ಅಡ್ಡ ಬಾಯಿ ಹಾಕಲು ಆಗುವುದಿಲ್ಲ.

ಜನವರಿಯಲ್ಲಿ ನನ್ನನ್ನು ಕೆಲಸದಿಂದ ತೆಗೆದ ಕಥೆ ನಿಮಗೆ ಗೊತ್ತು, ಆದರೆ ನೀವು ಅದನ್ನು ಒಮ್ಮೆಯೂ ಪೂರ್ತಿ ಕೇಳಿಲ್ಲ. ಒಂಬತ್ತು ವರ್ಷ ಅಲ್ಫರೆಟಾದ ಆ ಹಲ್ಲಿನ ಆಸ್ಪತ್ರೆಯ ಬಿಲ್ಲಿಂಗ್ ಆಫೀಸಿನಲ್ಲಿ ನಾನು ಮಾಡಿದ್ದು ಒಂದೇ ಕೆಲಸ. ಇನ್ಶೂರೆನ್ಸಿನವರು ಕೊಡುವುದಿಲ್ಲ ಎಂದದ್ದನ್ನು ಫೋನಿನ ಮೇಲೆ ಫೋನು ಮಾಡಿ ಕೊಡಿಸುವುದು. ಹೋದ ವರ್ಷ ಹೊಸ ಸಿಸ್ಟಮ್ ಬಂತು. ಒಂದು ಫೋನ್ ಕಾಲ್‌ಗೆ ಆರು ನಿಮಿಷ, ದಿನಕ್ಕೆ ನಲವತ್ತೈದು ಕಾಲ್, ಕಡಿಮೆಯಾದರೆ ಪರದೆಯಲ್ಲಿ ನನ್ನ ಹೆಸರು ಕೆಂಪು. ಮೊದಮೊದಲು ನಾನು ಮೂವತ್ತು ದಾಟಲಿಲ್ಲ. ಊಟ ಬಿಟ್ಟು ಕೂತೆ, ಬಾತ್‌ರೂಮಿಗೆ ಓಡಿ ಓಡಿ ಬಂದೆ, ಮೂವತ್ನಾಲ್ಕಾಯಿತು ಅಷ್ಟೇ. ಕೆಲಸಗಳ್ಳತನ ಮಾಡಲಿಲ್ಲ, ಒಂದು ದಿನವೂ ತಡವಾಗಿ ಹೋಗಲಿಲ್ಲ. ಆಗಲಿಲ್ಲ, ಅಷ್ಟೇ. ನಮ್ಮ ಮ್ಯಾನೇಜರ್ ರಿತೇಶ್ ನಿಮ್ಮ ಗೆಳೆಯ, ನಮ್ಮ ಮನೆಯ ಗಣಪತಿ ಪೂಜೆಗೆ ತಪ್ಪದೆ ಬರುವವನು. ಎರಡನೇ ವಾರ್ನಿಂಗ್ ಕೊಟ್ಟ ದಿನ ಅವನೇ ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕಾ, ಸುಮ್ನೆ ತಪ್ಪಾಯ್ತು ಅಂತ ಒಂದು ಮೇಲ್ ಹಾಕ್ಬಿಡಿ, ನಾನು ಮ್ಯಾನೇಜ್ ಮಾಡ್ತೀನಿ" ಅಂದ. ಮೇಲ್ ಹೋಯಿತು. ಹತ್ತು ದಿನಕ್ಕೆ ನಾನೂ ಹೋದೆ.

ನಿರುದ್ಯೋಗ ಭತ್ಯೆಗೆ ಅಪ್ಲೈ ಮಾಡಿದಾಗ ನನಗೆ ಧೈರ್ಯವಿತ್ತು. ಪ್ರಾಮಾಣಿಕವಾಗಿ ಪ್ರಯತ್ನಪಟ್ಟೂ ಕೆಲಸ ಕೈಗೂಡದೆ ಹೋದವರಿಗೆ ಭತ್ಯೆ ನಿರಾಕರಿಸುವಂತಿಲ್ಲ ಎಂದು ಈ ರಾಜ್ಯದ ಕಾನೂನೇ ಹೇಳುತ್ತದೆ. ಬೇಕೆಂದೇ ಅಸಡ್ಡೆ ಮಾಡಿದವರಿಗೆ ಮಾತ್ರ ಇಲ್ಲ. ಮೂರು ವಾರಕ್ಕೆ ಉತ್ತರ ಬಂತು, ಇಲ್ಲ ಎಂದು. ಕಾರಣ, ಆಸ್ಪತ್ರೆಯವರು ನನ್ನ ಆ ಮೇಲನ್ನು ಲಗತ್ತಿಸಿದ್ದರು. ನನ್ನದೇ ತಪ್ಪು, ನಾನು ಕೇರ್‌ಲೆಸ್ ಆಗಿದ್ದೆ, ದಯವಿಟ್ಟು ಕ್ಷಮಿಸಿ ಎಂದು ನಾನೇ ಒಪ್ಪಿಕೊಂಡ ಮೇಲೆ ಅವರಾದರೂ ಏನು ಮಾಡುತ್ತಾರೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಇಲ್ಲಿ ಕಳ್ಳ ಎಂದು ಯಾರೂ ಅನ್ನುವ ಮೊದಲೇ ನಾನು ಹೆಗಲು ಮುಟ್ಟಿಕೊಂಡೆ. ಸಿಟ್ಟು ಯಾರ ಮೇಲೆ ಎಂದೇ ತಿಳಿಯದೆ ಎರಡು ದಿನ ಪಾತ್ರೆಗಳ ಮೇಲೆ ತೀರಿಸಿಕೊಂಡೆ. ನಿಧಿ ತನ್ನ ಅರ್ಧಂಬರ್ಧ ಕನ್ನಡದಲ್ಲಿ, "ಅಮ್ಮಾ, ನೀನು ಚೇರಿಗೂ ಸಾರಿ ಹೇಳ್ತೀಯ, ದಟ್ಸ್ ದ ಪ್ರಾಬ್ಲಮ್" ಅಂದಳು. ನಗು ಬರಲಿಲ್ಲ.

ಒಂಬತ್ತು ವರ್ಷ ಬೇರೆಯವರ ಪರವಾಗಿ ಅಪೀಲ್ ಬರೆದವಳು ನನಗಾಗಿ ಒಂದು ಬರೆಯಲಾರೆನೇ? ಬರೆದೆ. ನೀವು ಫೋನಿನಲ್ಲಿ ವಾಪಸ್ ತಗೋ ಅಂದಿರಿ. ಸರ್ಕಾರದ ಮುಂದೆ ಕೈ ಚಾಚಬಾರದು ಅಂದಿರಿ. ಇದು ಭಿಕ್ಷೆಯಲ್ಲ, ನಾನು ದುಡಿದದ್ದಕ್ಕಾಗಿಯೇ ಆಸ್ಪತ್ರೆಯವರು ತುಂಬಿದ ವಿಮೆ. ನಿಮ್ಮ ನಿಜವಾದ ಸಂಕಟವೂ ನನಗೆ ಗೊತ್ತು. ನಿಮ್ಮ ಈಗಿನ ಕಾಂಟ್ರಾಕ್ಟ್ ಕೊಡಿಸಿದವನು ರಿತೇಶನ ಅಣ್ಣ ಸೌರಭ್. ಆ ಮನೆಯವರ ಮುಂದೆ ತಲೆ ಎತ್ತುವುದು ಕಷ್ಟ ಎನ್ನುತ್ತೀರಿ. ನನಗೆ ಅದಕ್ಕಿಂತ ದೊಡ್ಡ ಕಷ್ಟವಿದೆ. ಎಲ್ಲಿ ಕೆಲಸಕ್ಕೆ ಅರ್ಜಿ ಹಾಕಿದರೂ ಯಾಕೆ ಬಿಟ್ಟಿರಿ ಎನ್ನುತ್ತಾರೆ. ಆಗ ಈ ಹೆಂಗಸು ಪ್ರಯತ್ನಪಟ್ಟಳು, ಅಸಡ್ಡೆ ಮಾಡಲಿಲ್ಲ ಎಂದು ಬರೆದ ಒಂದು ಕಾಗದ ನನ್ನ ಕೈಲಿರಬೇಕು. ಭತ್ಯೆ ಬಂದರೆ ಸಂತೋಷ, ಆದರೆ ಆ ಕಾಗದ ನನಗೆ ಬೇಕೇ ಬೇಕು. ಐವತ್ತರ ಹತ್ತಿರ ಬಂದವಳು ಅಯೋಗ್ಯಳು ಎನ್ನಿಸಿಕೊಂಡು ಮನೆಯಲ್ಲಿ ಕೂರಲಾರೆ.

ನಿನ್ನೆ ವಿಚಾರಣೆ ಆಯಿತು, ಫೋನಿನಲ್ಲೇ. ಒಂದು ಕಡೆ ವಿಚಾರಣಾಧಿಕಾರಿ, ಇನ್ನೊಂದು ಕಡೆ ಆಸ್ಪತ್ರೆಯ ಪರವಾಗಿ ರಿತೇಶ್, ಇಲ್ಲಿ ಅಡುಗೆಮನೆಯ ಮೇಜಿನ ಮುಂದೆ ಇಸ್ತ್ರಿ ಸೀರೆ ಉಟ್ಟು ನಾನು. ನೋಡುವವರು ಯಾರೂ ಇರಲಿಲ್ಲ, ಆದರೂ ಉಟ್ಟೆ. ರಿತೇಶ್ ಬಾಯ್ತಪ್ಪಿ ಒಮ್ಮೆ ಅಕ್ಕಾ ಎಂದು, ತಕ್ಷಣ ಮಿಸ್ ಸಿದ್ದೇಶ್ವರಿ ಎಂದು ತಿದ್ದಿಕೊಂಡ. ಅಧಿಕಾರಿ ವಯಸ್ಸಾದ ಹೆಂಗಸು, ಧ್ವನಿ ನಿಧಾನ. ಮೇಲನ್ನು ಓದಿ, ಫಾಲ್ಟ್ ನಿಮ್ಮದು ಎಂದು ನೀವೇ ಬರೆದಿದ್ದೀರಲ್ಲ ಎಂದರು. ಅದು ನಮ್ಮ ತಪ್ಪಾಯ್ತು ಎಂಬುದರ ಇಂಗ್ಲಿಷ್ ಎಂದು ನಾನು ಆ ಮಾತನ್ನು ಬಿಡಿಸಿ ಹೇಳಿದೆ. ಕಾಲು ತಗುಲಿದರೆ ತಪ್ಪಾಯ್ತು, ಹಿರಿಯರು ಮುನಿಸಿಕೊಂಡರೆ ತಪ್ಪಾಯ್ತು, ಜಗಳ ಸಾಕೆನಿಸಿದರೆ ಯಾರದ್ದೇ ಆಗಿರಲಿ ತಪ್ಪಾಯ್ತು. ತಪ್ಪು ಮಾಡಿದೆ ಎನ್ನುವುದೇ ಬೇರೆ, ತಪ್ಪಾಯ್ತು ಎನ್ನುವುದೇ ಬೇರೆ. ಹಾಗಾದರೆ ನಿಮ್ಮ ಆ ವಾಕ್ಯದಲ್ಲಿ ತಪ್ಪು ಮಾಡಿದವರು ಯಾರು ಎಂದು ಆಕೆ ಕೇಳಿದರು. "ನೋ ಒನ್, ಮ್ಯಾಮ್" ಅಂದೆ. ಅದು ನಿಜವೇ ಎಂದು ರಿತೇಶನನ್ನು ಕೇಳಿದರು. ಅವನು "ಹೌದು, ಹಾಗೆ ಹೇಳ್ತಾರೆ" ಎಂದು ಇಂಗ್ಲಿಷಿನಲ್ಲಿ ಹೇಳಿದ. ಅವನನ್ನು ನಾನು ಅಷ್ಟು ಮಟ್ಟಿಗೆ ಮೆಚ್ಚಿದೆ. ಆದರೆ ಆಕೆ ಬಿಡಲಿಲ್ಲ. ಸಾರಿ ಎಂಬುದಕ್ಕೆ ನೂರು ಅರ್ಥ ಇರಬಹುದು, ಕೇರ್‌ಲೆಸ್ ಎಂಬುದಕ್ಕೆ ಒಂದೇ ಅರ್ಥ, ಆ ಪದ ಎಲ್ಲಿಂದ ಬಂತು ಎಂದು ಕೇಳಿದರು. ಅದು ಇತ್ಯರ್ಥವಾಗಲು ವಿಚಾರಣೆಯನ್ನು ಮುಂದಿನ ಗುರುವಾರಕ್ಕೆ ಮುಂದೂಡಿದ್ದಾರೆ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನೀವು ನಗಬಹುದು. ನಗಿ. ವೇಳೆಗೆ ಸರಿಯಾಗಿ ಊಟ ಮಾಡಿ, ಬರೀ ಬ್ರೆಡ್ಡಿನಲ್ಲಿ ದಿನ ದೂಡಬೇಡಿ. ನಿಮ್ಮ ರೂಮಿನ ಮಾಲೀಕರಾದ ಶಿವಬಸಪ್ಪ ಅಂಕಲ್‌ಗೆ ನಮಸ್ಕಾರ ತಿಳಿಸಿ. ನಿಧಿ ತಾನೇ ಮೆಸೇಜ್ ಮಾಡುತ್ತೇನೆ ಎಂದಿದ್ದಾಳೆ, ಮಾಡುವುದಿಲ್ಲ, ಅವಳ ಪರವಾಗಿಯೂ ಪ್ರೀತಿ.

ನಿಮ್ಮ
ಸಿದ್ದು

ಮರೆಯುವ ಮೊದಲು: ಕೇರ್‌ಲೆಸ್ ಎಂಬ ಪದ ಎಲ್ಲಿಂದ ಬಂತೆಂದು ನಾನು ಹೇಳಿಬಿಟ್ಟೆ. ಪ್ರಮಾಣ ಮಾಡಿಸಿದ್ದರು, ಸುಳ್ಳು ಹೇಳಲಾಗಲಿಲ್ಲ. ನನಗೆ ಇನ್ನಷ್ಟು ಟ್ರೈನಿಂಗ್ ಬೇಕು, ದಿನಾ ಒಂದು ಗಂಟೆ ಹೆಚ್ಚು ಕೂರುತ್ತೇನೆ ಎಂದು ನಾನು ಎರಡು ಪ್ಯಾರಾ ಬರೆದಿಟ್ಟಿದ್ದೆ. ನೀವು ಇಲ್ಲಿಗೆ ಬಂದಿದ್ದ ಆ ಭಾನುವಾರ ನಾನು ದೋಸೆ ಹುಯ್ಯುತ್ತಿದ್ದಾಗ ನೀವು, ಇದು ವಾದ ಮಾಡಿದ ಹಾಗಿದೆ, ರಿತೇಶನಿಗೆ ಬೇಜಾರಾಗುತ್ತದೆ ಎಂದು ಅದನ್ನು ತೆಗೆದು ನಿಮ್ಮ ಮೂರು ಸಾಲು ಟೈಪ್ ಮಾಡಿದಿರಿ. ಓದದೆ ಕಳಿಸಿದವಳು ನಾನು, ಅದನ್ನೂ ಹೇಳಿದ್ದೇನೆ. ನಾನು ಬರೆದಿದ್ದ ಆ ಎರಡು ಪ್ಯಾರಾವನ್ನು ನಿಧಿ ನಾನು ಮೊದಲೇ ಉಳಿಸಿಟ್ಟಿದ್ದ ಡ್ರಾಫ್ಟಿನಲ್ಲಿ ಹುಡುಕಿ ತೆಗೆದಳು, ಅಧಿಕಾರಿಗೆ ಕಳಿಸಿದ್ದೇವೆ. ಆದರೆ ಅದನ್ನು ಅಳಿಸಿದವರು ಯಾರು ಎಂದು ಇನ್ನೊಬ್ಬರು ಹೇಳಬೇಕಂತೆ. ಸಾಕ್ಷಿಯ ಹೆಸರು ಕೇಳಿದರು. ದತ್ತಾತ್ರೇಯ ಎಂದು ಒಂದೊಂದೇ ಅಕ್ಷರ ಬಿಡಿಸಿ ಹೇಳಿ ನಿಮ್ಮ ನಂಬರ್ ಕೊಟ್ಟಿದ್ದೇನೆ. 13ನೇ ತಾರೀಖು ಗುರುವಾರ ಮಧ್ಯಾಹ್ನ ಎರಡಕ್ಕೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬರುತ್ತದೆ. ರಿತೇಶನೂ ಲೈನಿನಲ್ಲಿರುತ್ತಾನೆ. ಎತ್ತಿ.