ಕಾಗೆ ಹಾಡಿನ ಒಡತಿಗೆ

ಕ್ಯಾನಿಂಗ್ ವೇಲ್, ಪರ್ತ್
೮ ಆಗಸ್ಟ್ ೨೦೨೫

ನನ್ನ ಮುಖ ನೋಡಬಾರದು ಎಂದುಕೊಂಡಿರುವ ಅಪರ್ಣಾಳಿಗೆ,

ಹೇಗಿದ್ದೀಯೆ? ಮದುವೆಯಾಗಿ ಐದು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ, ತಪ್ಪಾಯಿತು. ವಾಟ್ಸ್‌ಆಪ್‌ನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯೆ. ಅಂಚೆಯವನನ್ನು ಹೇಗೆ ಬ್ಲಾಕ್ ಮಾಡುತ್ತೀಯೋ ನೋಡೋಣ!

ನಿನ್ನಿಂದ ಒಂದು ಒಪ್ಪಿಗೆ ಬೇಕು. ಮೈಸೂರಿನ ನಮ್ಮ ಪಿ.ಜಿ.ಯ ತಾರಸಿಯಲ್ಲಿ ಓನರ್ ಆಂಟಿಯ ಸಂಡಿಗೆ ಕಾಯುತ್ತಾ ನೀನು ಕಟ್ಟಿದ ಕಾಗೆ ಹಾಡನ್ನು ಸೆಪ್ಟೆಂಬರ್ ೨೭ಕ್ಕೆ ಅಡಿಲೇಡ್‌ನ ವೇದಿಕೆಯಲ್ಲಿ ಹಾಡಬಹುದೇ? ಬೇಡ ಎಂದರೆ ಖಂಡಿತ ಹಾಡುವುದಿಲ್ಲ. ಆದರೆ ಬೇಡ ಎನ್ನುವ ಮೊದಲು ನಮ್ಮ ಬ್ಯಾಂಡ್ ಎಂಥದೆಂದು ಕೇಳು.

ಬ್ಯಾಂಡಿನ ಹೆಸರು ‘ಒಂದೂವರೆ ಗಂಟೆ’. ಪರ್ತ್‌ಗಿಂತ ಅಡಿಲೇಡ್ ಈಗ ಅಷ್ಟು ಮುಂದಿದೆ, ಅದಕ್ಕೆ. ಬ್ರಿಸ್ಬೇನ್ ಎರಡು ಗಂಟೆ ಮುಂದೆ, ಹಾಗಾಗಿ ಅಲ್ಲಿರುವ ಚಿನ್ಮಯಿಗೆ ಈ ಹೆಸರೆಂದರೆ ಸಿಟ್ಟು.

ಮೊದಲು ವರುಣ್. ನನ್ನ ಗಂಡ! ಹಾಗೆ ಬರೆಯಲು ಇನ್ನೂ ನಗು ಬರುತ್ತದೆ ಕಣೇ. ಹತ್ತನೇ ಕ್ಲಾಸಿನವರೆಗೆ ಮೃದಂಗ, ಎಂಜಿನಿಯರಿಂಗ್‌ಗೆ ಹೋದ ಮೇಲೆ ಗಿಟಾರ್. ಈಗಲೂ ಗಿಟಾರನ್ನು ಮೀಟುವುದಕ್ಕಿಂತ ತಟ್ಟುವುದೇ ಹೆಚ್ಚು. ಕೇಳಿದರೆ ಅದು ಸ್ಟೈಲಂತೆ.

ನಟರಾಜ್ ಅಂಕಲ್ ಹಗಲೆಲ್ಲ ಇಲ್ಲೇ ಪರ್ತ್‌ನ ವೆಲ್ಷ್‌ಪೂಲ್‌ನ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾರೆ. ಪ್ರಾಯದಲ್ಲಿ ಹಾಸನದ ಗಣಪತಿ ಪೆಂಡಾಲುಗಳಲ್ಲಿ ಆರ್ಕೆಸ್ಟ್ರಾಗೆ ಅಕಾರ್ಡಿಯನ್ ನುಡಿಸುತ್ತಿದ್ದವರು. ಎಂಥ ದುಃಖದ ಹಾಡನ್ನೂ ಕೊನೆಯಲ್ಲಿ ಕುಣಿಯುವಂತೆ ಮಾಡಿಬಿಡುತ್ತಾರೆ. “ಅಲ್ಲಿ ಜನ ಎದ್ದು ಹೋದ್ರೆ ನಮಗೆ ಊಟ ಹಾಕ್ತಿರ್ಲಿಲ್ಲಮ್ಮ, ಆ ಭಯ ಇನ್ನೂ ಹೋಗಿಲ್ಲ” ಎನ್ನುತ್ತಾರೆ.

ಅಡಿಲೇಡ್‌ನ ಮಾಸನ್ ಲೇಕ್ಸ್‌ನಲ್ಲಿ ಓದುತ್ತಿರುವ ಭರತೇಶ್ ಬೆಳಗಾವಿಯವನು, ಕಾಲೇಜಿನ ಡೊಳ್ಳು ತಂಡದಲ್ಲಿ ಪಳಗಿದವನು. ಅಡಿಲೇಡ್‌ನಲ್ಲಿ ಡೊಳ್ಳು ಎಲ್ಲಿ ಸಿಗಬೇಕು? ಡ್ರಮ್ ಸೆಟ್ಟಿನ ದೊಡ್ಡ ಡ್ರಮ್ಮಿಗೇ ಹಗ್ಗ ಕಟ್ಟಿ ಕೊರಳಿಗೆ ಹಾಕಿಕೊಂಡು ಕುಣಿಯುತ್ತಾನೆ. ಚಿನ್ಮಯಿ ನಾಲ್ಕು ವರ್ಷದವಳಿದ್ದಾಗಿನಿಂದ ಬ್ರಿಸ್ಬೇನ್‌ನಲ್ಲೇ ಇದ್ದಾಳೆ. ಅಜ್ಜಿಯಿಂದ ವಿಡಿಯೊ ಕಾಲ್‌ನಲ್ಲಿ ಕರ್ನಾಟಕ ಸಂಗೀತದ ಪಿಟೀಲು ಕಲಿತಳು. ಶನಿವಾರ ಪಬ್‌ನಲ್ಲಿ ಐರಿಷ್ ಕುಣಿತಗಳಿಗೆ ನುಡಿಸುತ್ತಾಳೆ. ಗಮಕ ಜಾಸ್ತಿಯಾಯಿತೆಂದು ಪಬ್‌ನವರ ದೂರು, ಓಟ ಜಾಸ್ತಿಯಾಯಿತೆಂದು ಅಜ್ಜಿಯ ದೂರು.

ಮೂರು ಊರಿನವರು ಇಂಟರ್ನೆಟ್‌ನಲ್ಲಿ ಒಟ್ಟಿಗೆ ನುಡಿಸಲು ಹೋದರೆ ಒಬ್ಬರ ಸದ್ದು ಇನ್ನೊಬ್ಬರಿಗೆ ತಡವಾಗಿ ಮುಟ್ಟಿ ತಾಳ ಕೆಡುತ್ತದೆ. ಹಾಗಾಗಿ ಇಲ್ಲಿ ವರುಣ್ ಮತ್ತು ಅಂಕಲ್ ಮೊದಲು ರೆಕಾರ್ಡ್ ಮಾಡುತ್ತಾರೆ, ಅದರ ಮೇಲೆ ಭರತೇಶ್, ಕೊನೆಗೆ ಚಿನ್ಮಯಿ. ಜೂನ್‌ನಲ್ಲಿ ಒಂದು ದಿನ ವರುಣ್ ಗಿಟಾರ್ ರೆಕಾರ್ಡ್ ಮಾಡುವಾಗ ನಾನು ಅದೇ ಕೋಣೆಯಲ್ಲಿ ಬಟ್ಟೆ ಮಡಚುತ್ತಾ ನಿನ್ನ ಹಾಡು ಗುನುಗುತ್ತಿದ್ದೆ. ಈ ಮಹಾಶಯ ನೋಡದೆ ಅದನ್ನೇ ಕಳಿಸಿಬಿಟ್ಟ. ಭಾನುವಾರ ಎಲ್ಲರೂ ಕಾಲ್‌ಗೆ ಬಂದರು.

“ವೈನಿ, ಹಿಂದ ಹಾಡಿದವ್ರು ನೀವೇನ್ರಿ?” ಎಂದ ಭರತೇಶ್.

“ಅಯ್ಯೋ, ಡಿಲೀಟ್ ಮಾಡಪ್ಪಾ!”

“ಎಲ್ಲೀದ್ರಿ ಡಿಲೀಟು? ನಾ ಆಗ್ಲೇ ಅದರ ಮ್ಯಾಲೆ ಬಾರಿಸಿ ಕಳಿಸೇನಿ.”

“ಆಂಟಿ, ಪ್ಲೀಸ್, ದಟ್ ಕ್ರೋ ಈಸ್ ಸೋ ಕ್ಯೂಟ್!” ಎಂದಳು ಚಿನ್ಮಯಿ. ಇಪ್ಪತ್ತೈದಕ್ಕೇ ಆಂಟಿಯಾದೆ, ನಗಬೇಡ.

ನಟರಾಜ್ ಅಂಕಲ್ ಮಾತ್ರ ವರುಣ್‌ನ ಮೇಲೆ ಹರಿಹಾಯ್ದರು: “ನಾವು ಊರೆಲ್ಲ ಗಾಯಕೀನ ಹುಡುಕ್ತಿದ್ರೆ, ನೀನು ಮನೇಲಿ ಬಟ್ಟೆ ಮಡಚೋಕೆ ಹಾಕಿದ್ದೀಯಲ್ಲೋ!”

ಹೀಗೆ ನಾನು ಬ್ಯಾಂಡ್ ಸೇರಿದೆ. “ಕಾವಲುಗಾತಿ ಮಲಗ್ಯಾಳೆ ಕಾಗೆ, ಮೆಲ್ಲಗೆ ಬಾರೆ, ಒಂದೇ ಸಂಡಿಗೆ ಸಾಕು, ಮಿಕ್ಕಿದ್ದು ಬಿಟ್ಟು ಹಾರೆ” ಎನ್ನುವಲ್ಲಿ ಪಿಟೀಲು ರೆಕ್ಕೆ ಬಡಿದು ಹಾರುತ್ತದೆ. ನೀನು ಕೇಳಬೇಕು ಅಪರ್ಣಾ, ನೀನೇ ಕೇಳಬೇಕು.

ಅಮ್ಮನಿಗೆ ನನ್ನ ನಮಸ್ಕಾರ ಹೇಳು. ನಿನ್ನ ಗಂಟಲಿಗೆ ಯಾವ ಶೀತವೂ ತಾಕದಿರಲಿ, ಇನ್ನೂ ನೂರು ಹಾಡು ಕಟ್ಟು.

ನಿನ್ನ
ಸೌಜನ್ಯ

ತಾ.ಕ.: ಒಂದು ವಿಷಯ ಮುಚ್ಚಿಟ್ಟೆ. ಹಾಡು ಯಾರದೆಂದು ಅಂಕಲ್ ಕೇಳಿದಾಗ “ನಮ್ಮ ಕಡೆ ಜಾನಪದ” ಎಂದುಬಿಟ್ಟೆ. ಕಾರ್ಯಕ್ರಮದ ಪೋಸ್ಟರ್‌ನಲ್ಲಿ ಉಳಿದ ಹಾಡುಗಳ ಪಕ್ಕ ಕಟ್ಟಿದವರ ಹೆಸರಿದೆ, ನಿನ್ನದರ ಪಕ್ಕ ‘ಜಾನಪದ’ ಎಂದಿದೆ. ಅದನ್ನು ನೋಡಿ ತಡೆಯಲಾರದೆ ನೆನ್ನೆ ಎಲ್ಲರ ಮುಂದೆ ನಿಜ ಹೇಳಿದೆ. “ಬದುಕಿರೋ ಹುಡುಗೀನ ಜಾನಪದ ಮಾಡ್ಬಿಟ್ಯಲ್ಲಮ್ಮ!” ಎಂದು ಅಂಕಲ್ ಹಣೆ ಚಚ್ಚಿಕೊಂಡರು. ನೀನು ಒಪ್ಪಿದರೆ ನಿನ್ನ ಹೆಸರು ಹಾಕಿ ಹೊಸ ಪೋಸ್ಟರ್, ಇಲ್ಲದಿದ್ದರೆ ಆ ಹಾಡೇ ಇಲ್ಲ ಎಂದು ನಾಲ್ವರೂ ಹೇಳಿದ್ದಾರೆ.

ಯುವಜನೋತ್ಸವದಲ್ಲಿ ಅದನ್ನು ನಾವಿಬ್ಬರೂ ಹಾಡಬೇಕಿತ್ತು. ವೀಸಾ, ಮುಹೂರ್ತ ಎಂದು ಓಡಾಡುತ್ತಾ ನಾನು ಬರುವುದಿಲ್ಲವೆಂದು ನಿನಗೆ ತಿಳಿಸಲೂ ಇಲ್ಲ. ನೀನು ಎರಡು ಮೈಕುಗಳ ಮುಂದೆ ಒಬ್ಬಳೇ ನಿಂತು ಕಾದೆ ಎಂದು ರೂಮ್‌ಮೇಟ್ ಗಾನವಿ ಆಮೇಲೆ ಹೇಳಿದಳು. ಅಂಕಲ್ ಕೇಳಿದಾಗ “ನನ್ನ ಗೆಳತಿಯ ಹಾಡು” ಎನ್ನಬೇಕಿತ್ತು. ಹಾಗೆ ಹೇಳಿಕೊಳ್ಳುವ ಹಕ್ಕು ನನಗೆ ಇನ್ನೂ ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಹಾಡಿಗೆ ಬೇಡವೆಂದರೂ ಸರಿ, ಇದಕ್ಕೊಂದು ಉತ್ತರ ಬರೆ.