ಕಟರ್‌ಗೆ ಕಟ್ಟಿದ ಸಲೈನ್ ಪೈಪು

ಬಸವಕಲ್ಯಾಣ
ಶುಕ್ರವಾರ, ೭-೨-೨೦೨೫

ಪ್ರೀತಿಯ ಅಪ್ಪಾ,

ಜೈ ಭೀಮ್. ಹೇಗಿದ್ದೀರಿ? ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರೋ ಇಲ್ಲವೋ? ಮನ್ನಾಏಖೇಳ್ಳಿಯಲ್ಲಿ ಸೋನುಬಾಯಿ ಅತ್ತೆ ನಿಮ್ಮನ್ನು ಹಸಿದಿರಲು ಬಿಡುವವಳಲ್ಲ, ಅದೊಂದು ಧೈರ್ಯ. ಇಲ್ಲಿ ಅವ್ವ ಆರಾಮ. ಹಾಗೆಂದು ಬರೆಯಲು ಅವಳೇ ಹೇಳಿದಳು. ಅದೊಂದು ಮಾತು ಬಿಟ್ಟರೆ, ನೀವು ಸಿಟ್ಟಾಗಿ ಹೋದ ಒಂಬತ್ತು ದಿನದಿಂದ ಅವಳು ನನ್ನ ಜೊತೆ ಮಾತಾಡಿಲ್ಲ. ನಿಮ್ಮ ಫೋನು ಬಂದ್ ಇದೆ. ಅದಕ್ಕೇ ಅತ್ತ ಹೊರಟಿರುವ ಪಂಡರಿ ಕಾಕಾನ ಕೈಯಲ್ಲಿ ಈ ಕಾಗದ. ಹರಿದು ಹಾಕುವ ಮುಂಚೆ ಓದಿ, ನಿಮ್ಮ ಕಾಲಿಗೆ ಬೀಳುತ್ತೇನೆ.

ತಪ್ಪು ನನ್ನದೇ. ಹುಮನಾಬಾದಿನ ಮಹಾರುದ್ರಪ್ಪನವರ ಹೊಸ ಮನೆಗೆ ಟೈಲ್ಸ್ ಹಾಕುವಾಗ, ನಿಮ್ಮನ್ನು ಕೇಳದೆ ನಿಮ್ಮ ಕಟರ್‌ಗೆ ಸಲೈನ್ ಪೈಪು ಕಟ್ಟಿ, ಬ್ಲೇಡಿನ ಮೇಲೆ ನೀರು ಹನಿಯುವಂತೆ ಮಾಡಿದೆ. ನೀರು ಮೋಟಾರಿಗೆ ಇಳಿಯಿತು. ಕರೆಂಟ್ ಹೊಡೆದು ನೀವು ಎಲ್ಲರೆದುರು ಸಿಮೆಂಟ್ ಬುಟ್ಟಿಯ ಮೇಲೆ ಬಿದ್ದಿರಿ. ಗೌಂಡಿಗಳು ನಕ್ಕರು. "ಮೂವತ್ತು ವರ್ಸ ನೀರಿಲ್ದ ಕೊಯ್ದೀನಿ, ಈಗ ನೀ ನನಗ ಕಲಸಾಕ ಬಂದಿಯೇನಲೇ?" ಎಂದು ಸಿಮೆಂಟ್ ಮೆತ್ತುವ ಕರಣಿ ಎಸೆದಿರಿ. ಅಯ್ಯೋ, ಆಗಲಾದರೂ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. "ನಿಮ್ಮ ಕೆಲಸ ಭಾಳ ಸಾವಕಾಶ ಆಗ್ಯಾದ, ಅದಕ್ಕ ಮಾಡೀನ್ರಿ" ಎಂದುಬಿಟ್ಟೆ.

ಆ ಕಟರ್ ಗುಜರಿಗೆ ಹೋಯಿತು. ಹೊಸದಕ್ಕೆ ನೀರಿನ ಗೊಡವೆಯೇ ಇಲ್ಲ. ಬ್ಲೇಡಿಗೆ ತಗಡಿನ ಮುಚ್ಚಳ ಮಾಡಿಸಿ, ಎದುರುಮನೆಯ ಮೀನಾಜ್ ಆಪಾ ಕೊಟ್ಟ ಧೂಳು ಎಳೆಯುವ ಮೆಷಿನ್ನಿನ ಪೈಪನ್ನು ಅದಕ್ಕೆ ಜೋಡಿಸಿದ್ದೇನೆ. ಪಕ್ಕಕ್ಕೊಂದು ನೇರ ಹಲಗೆ ಬಿಗಿದರೆ ಗೆರೆ ತಪ್ಪುವುದಿಲ್ಲ. ಒಂದು ಟೈಲ್ ಕೊಯ್ಯುವ ಹೊತ್ತಿಗೆ ಮೂರು ಮುಗಿಯುತ್ತವೆ. ಆದರೆ ಮೂಲೆಯ ಟೈಲ್ ಕೊಯ್ಯುವುದು ನನಗೆ ಕೂಡುತ್ತಿಲ್ಲ. ನಿನ್ನೆ ಹನ್ನೊಂದು ಟೈಲ್ ಒಡೆದೆ. ಸೋಮವಾರ ಮಹಾರುದ್ರಪ್ಪನವರ ಗೃಹಪ್ರವೇಶ. ಬೇರೆ ಮಿಸ್ತ್ರಿಯನ್ನು ಕರೆಸುತ್ತೇವೆ ಅಂದಿದ್ದಾರೆ. ಅಪ್ಪಾ, ನನಗೆ ದಿಕ್ಕೇ ತೋಚುತ್ತಿಲ್ಲ. ಬಯ್ಯಿರಿ, ಹೊಡೆಯಿರಿ, ಆದರೆ ಬನ್ನಿ.

ಅತ್ತೆಗೆ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಮಗ,
ಸುಮೇಧ

ತಾ.ಕ.: ಪಂಡರಿ ಕಾಕಾ ಬಾಗಿಲಲ್ಲಿ ನಿಂತು ಗಡಿಬಿಡಿ ಮಾಡುತ್ತಿದ್ದಾನೆ. ನಿಮ್ಮ ಕೆಲಸ ಸಾವಕಾಶ ಅಂದದ್ದು ಸುಳ್ಳು. ನಿಮ್ಮಷ್ಟು ಬೇಗ ಯಾರು ಕೊಯ್ಯುತ್ತಾರೆ? ಚಳಿ ಶುರುವಾದಾಗಿನಿಂದ ನೀವು ಬಶಿಗೆ ಸುರಿದ ಚಹಾ ಊದುತ್ತಿಲ್ಲ. ತಾನೇ ಆರಲಿ ಎಂದು ನೋಡುತ್ತಾ ಕೂರುತ್ತೀರಿ. ಊದಲು ನಿಮಗೆ ಉಸಿರು ಸಾಲುತ್ತಿಲ್ಲ, ನಾನು ಕಂಡಿದ್ದೇನೆ. ಅವ್ವನಿಗೆ ಹೇಳಿಲ್ಲ. ನಾನು ನೀರಿನ ಪೈಪು ಕಟ್ಟಿದ್ದು ಟೈಲ್ ಕೊಯ್ಯುವಾಗ ಏಳುವ ಧೂಳು ನಿಮ್ಮೊಳಗೆ ಹೋಗದಿರಲಿ ಎಂದು. ಬೇರೆ ಮಿಸ್ತ್ರಿ ಬಂದರೆ ಬರಲಿ, ಟೈಲ್ಸ್ ಹಾಳಾಗಿ ಹೋಗಲಿ. ನಾಳೆ ಮುಂಜಾನೆ ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಕೆಲಸಕ್ಕಲ್ಲ ಅಪ್ಪಾ, ಎದೆಯ ಡಾಕ್ಟರ ಹತ್ತಿರ ಹೋಗೋಣ.